ಅಮೆರಿಕದ ಯುದ್ಧ, ನಮ್ಮ ಕಡೆಯ ಹತ್ತಿ



ಬಾಗಲಕೋಟೆ, ಬಾದಾಮಿ, ಹುನಗುಂದದ ಹುಡುಗರಿಗೆ ಅಮೆರಿಕದ ಇತಿಹಾಸ ಯಾತಕ್ಕೆ ಎಂದು ನಿಮ್ಮಲ್ಲೊಬ್ಬರು ಕೇಳಿದಿರಿ. ಪರೀಕ್ಷೆಗೆ ಎನ್ನುವುದು ಸುಲಭದ ಉತ್ತರ. ನಾನು ಹತ್ತಿಯನ್ನು ಮುಂದಿಡುತ್ತೇನೆ.

1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಯಿತು. ಲಿಂಕನ್ನರ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಗುಲಾಮರು ಬಿಡಿಸಿದ ಹತ್ತಿಯನ್ನೇ ನಂಬಿದ್ದ ಲ್ಯಾಂಕಾಶೈರಿನ ಗಿರಣಿಗಳು ಮುಂಬಯಿಯತ್ತ ತಿರುಗಿದವು. ಆಗ ನಮ್ಮ ಕಡೆಯ ಎರೆಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. ಜವಾರಿ ಹತ್ತಿಗೆ ವ್ಯಾಪಾರಿಗಳು ಇಟ್ಟ ಹೆಸರೇ ‘ಕುಮಟಾ’. ಅದರ ಜೊತೆಗೆ ‘ಧಾರವಾಡ-ಅಮೆರಿಕನ್’ ಬೇರೆ. ಅದು 1840ರ ದಶಕದಲ್ಲಿ ನ್ಯೂ ಆರ್ಲಿಯನ್ಸ್ ಬೀಜದಿಂದ ಬೇರೂರಿದ ತಳಿ. ಯುದ್ಧಕ್ಕೆ ಮೊದಲೇ ಆ ದೇಶದ ಬೀಜ ನಮ್ಮ ನಾಡಿನ ಮಣ್ಣಿಗೆ ಬಿದ್ದಿತ್ತು!

ಬೆಲೆ ಏರಿತು. ಬೆಳೆದವನಿಗೆ ಸುಗ್ಗಿ. ಆದರೆ ಇಳಕಲ್ಲಿನ ನೇಕಾರ ನೂಲು ಕೊಳ್ಳಬೇಕಲ್ಲ? ಅರಳೆ ತುಟ್ಟಿಯಾದರೆ ನೂಲೂ ತುಟ್ಟಿ. ಹೊಲದವನ ಲಾಭವೇ ಮಗ್ಗದವನ ಸಂಕಟ. ಪಠ್ಯಪುಸ್ತಕಗಳು ಇಷ್ಟು ದೂರ ಬರುವುದಿಲ್ಲ, ಬಿಡಿ.

1865ರ ಏಪ್ರಿಲ್‌ನಲ್ಲಿ ಜನರಲ್ ಲೀ ಶರಣಾದ. ಮುಂಬಯಿಯಲ್ಲಿ ಹತ್ತಿಯ ಬೆಲೆ ಕುಸಿಯಿತು, ಷೇರುಪೇಟೆ ಮುಳುಗಿತು. ಅದೇ ಡಿಸೆಂಬರಿನಲ್ಲಿ ಸಂವಿಧಾನದ 13ನೆಯ ತಿದ್ದುಪಡಿ ಅಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿತು. ಗುಲಾಮನಿಗೆ ಬಿಡುಗಡೆ ತಂದ ಆ ಶಾಂತಿ, ಏರಿದ ಬೆಲೆ ನೆಚ್ಚಿ ಸಾಲ ಮಾಡಿದ್ದ ಇಲ್ಲಿನ ರೈತನಿಗೆ ಹೇಗೆ ಕಂಡಿದ್ದೀತು? ಈ ಪ್ರಶ್ನೆ ಪರೀಕ್ಷೆಯಲ್ಲಿ ಬರಲಾರದು. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಲೆಕ್ಕದ ವಹಿ, ಸಾಲಪತ್ರಗಳಿದ್ದರೆ ಆ ವರ್ಷದ್ದನ್ನು ಹುಡುಕಿ ತನ್ನಿ. ಒಟ್ಟಿಗೆ ಕೂತು ಓದೋಣ.