ಸಿನಿಮಾ ಸರ್ವರಿನ ಉಗ್ರಾಣ



2019ರ ಮೇ 12ರಂದು ನಮ್ಮ ಉಪ್ಪಲ್ ಕ್ರೀಡಾಂಗಣದಲ್ಲಿ ಐಪಿಎಲ್ ಅಂತಿಮ ಪಂದ್ಯ ನಡೆಯಿತಲ್ಲ, ಅದನ್ನು ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 1 ಕೋಟಿ 86 ಲಕ್ಷ ಮಂದಿ ನೋಡಿದರು. ಜಾಲಕ್ಕೆ ಅದು ದೊಡ್ಡ ಪರೀಕ್ಷೆ. ಆದರೆ ವಿಡಿಯೋ ಇಡುವ ಉಗ್ರಾಣಕ್ಕೆ, ಅಂದರೆ ಸ್ಟೋರೇಜಿಗೆ, ಅಷ್ಟೇನೂ ಕಷ್ಟವಲ್ಲ. ಎಲ್ಲರೂ ನೋಡುವುದು ಹೆಚ್ಚುಕಡಿಮೆ ಒಂದೇ ಎಸೆತವನ್ನು. ಆ ಕೆಲವು ಕ್ಷಣಗಳು ಸರ್ವರಿನ ಮೆಮೊರಿಯಲ್ಲಿದ್ದರೆ ಸಾಕು.

ಬೇಕೆಂದಾಗ ಬೇಕಾದ ಸಿನಿಮಾ ಕೊಡುವ ಸರ್ವರಿನ ಪಾಡು ಬೇರೆ. ಕಾಚಿಗುಡಾದಲ್ಲಿ ಒಬ್ಬರು 'ಬಂಗಾರದ ಮನುಷ್ಯ' ಈಗಷ್ಟೇ ಶುರುಮಾಡಿರುತ್ತಾರೆ. ಕೂಕಟ್‌ಪಲ್ಲಿಯಲ್ಲಿ ಇನ್ನೊಬ್ಬರು ಅದೇ ಚಿತ್ರದ ಕೊನೆಯ ದೃಶ್ಯದಲ್ಲಿರುತ್ತಾರೆ. ಮೂರನೆಯವರದು ಬೇರೆಯೇ ಚಿತ್ರ. ಡಿಸ್ಕಿನ ಓದುವ ಮುಳ್ಳು ಎಲ್ಲರಿಗಾಗಿಯೂ ಓಡಾಡಬೇಕು.

ಒಂದು ಸಣ್ಣ ಲೆಕ್ಕ ಮಾಡೋಣ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಮುಳ್ಳು ಸರಿದು, ಬೇಕಾದ ಜಾಗ ಅದರ ಕೆಳಗೆ ಬರಲು ಸುಮಾರು 12 ಮಿಲಿಸೆಕೆಂಡ್ ಬೇಕು. ಸೆಕೆಂಡಿಗೆ ಹೆಚ್ಚೆಂದರೆ 80 ಓಡಾಟ. ಒಬ್ಬ ವೀಕ್ಷಕರಿಗೆ ಸೆಕೆಂಡಿಗೆ 5 ಮೆಗಾಬಿಟ್, ಅಂದರೆ 625 ಕಿಲೋಬೈಟ್ ಬೇಕು ಎನ್ನಿ. ಪ್ರತಿ ಓಡಾಟದಲ್ಲಿ 64 ಕಿಲೋಬೈಟ್ ತಂದರೆ ಆ ಡಿಸ್ಕು ಸಾಕುವುದು ಎಂಟು ಜನರನ್ನು ಮಾತ್ರ. ಒಮ್ಮೆಗೆ 1 ಮೆಗಾಬೈಟ್ ತಂದರೆ ಅದೇ ಡಿಸ್ಕಿಗೆ 80ಕ್ಕೂ ಹೆಚ್ಚು ಜನ! ಸಂತೆಯಿಂದ ಒಂದೊಂದೇ ಈರುಳ್ಳಿ ತರುವುದಕ್ಕಿಂತ ಮೂಟೆ ತಂದಂತೆ. ಆದರೆ ಮೂಟೆ ಇಳಿಸಲು ಜಾಗ ಬೇಕಲ್ಲ? ಅದಕ್ಕೆ ಮೆಮೊರಿಯ ಖರ್ಚು ಏರುತ್ತದೆ. ಮುಳ್ಳೇ ಇಲ್ಲದ ಎಸ್‌ಎಸ್‌ಡಿ ಬಲು ಚುರುಕು, ಬೆಲೆಯೂ ಹೆಚ್ಚು.

ಇಡೀ ಚಿತ್ರ ಒಂದೇ ಡಿಸ್ಕಿನಲ್ಲಿದ್ದರೆ ಹೊಸ ಚಿತ್ರ ಬಂದ ದಿನ ಅಲ್ಲಿ ನೂಕುನುಗ್ಗಲು. ಆದ್ದರಿಂದ ಚಿತ್ರವನ್ನು ತುಂಡು ಮಾಡಿ ಹಲವು ಡಿಸ್ಕುಗಳಿಗೆ ಹಂಚುತ್ತಾರೆ. ಆಗ ಒಂದು ಡಿಸ್ಕು ಕೆಟ್ಟರೂ ಎಲ್ಲ ಚಿತ್ರಗಳಲ್ಲೂ ತೂತು ಬೀಳುತ್ತದೆ. ಅದಕ್ಕೆಂದೇ ಇನ್ನೊಂದು ಡಿಸ್ಕಿನಲ್ಲಿ ಆ ತುಂಡುಗಳ 'ಮೊತ್ತ'ವನ್ನು ಇಡುತ್ತಾರೆ. ನಾಲ್ಕು ಸಂಖ್ಯೆಗಳಲ್ಲಿ ಒಂದು ಕಳೆದರೂ ಮೊತ್ತ ಗೊತ್ತಿದ್ದರೆ ಅದನ್ನು ಕಂಡುಹಿಡಿಯಬಹುದಲ್ಲವೇ? 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ತಮ್ಮ ಪ್ರಬಂಧದಲ್ಲಿ ಇಂಥ ವ್ಯವಸ್ಥೆಗಳನ್ನು 'ರೇಡ್' ಎಂಬ ಹೆಸರಿನಡಿ ವಿವರಿಸಿದರು.

ಇನ್ನು ದೂರದ ಮಾತು. ನೆಟ್‌ಫ್ಲಿಕ್ಸ್ 2012ರಲ್ಲಿ ಪ್ರಕಟಿಸಿದ ಯೋಜನೆಯಲ್ಲಿ ಇಂಟರ್ನೆಟ್ ಕಂಪನಿಗಳ ಕೇಂದ್ರಗಳಲ್ಲೇ ತನ್ನ ಡಿಸ್ಕು ಪೆಟ್ಟಿಗೆಗಳನ್ನು ಇಡುತ್ತದೆ. ಹೆಚ್ಚು ಜನ ಕೇಳಬಹುದಾದ ಚಿತ್ರಗಳನ್ನು ದಟ್ಟಣೆ ಕಡಿಮೆಯಿರುವ ಹೊತ್ತಿನಲ್ಲಿ ಮೊದಲೇ ತುಂಬಿಡುತ್ತದೆ. ಇಂಥ ಪೆಟ್ಟಿಗೆ ಚಿಕ್ಕದು, ಕೇಳುವವರು ಕಡಿಮೆಯಾದ ಚಿತ್ರಕ್ಕೆ ಅದರಲ್ಲಿ ಜಾಗ ಸಿಗುವುದು ಕಷ್ಟ. ಹೈದರಾಬಾದಿನಲ್ಲಿ ಕುಳಿತು ಹಳೆಯ ಕನ್ನಡ ಚಿತ್ರ ಕೇಳುವ ನಮ್ಮ ನಿಮ್ಮಂಥವರಿಗೆ ಅದು ದೂರದ ಉಗ್ರಾಣದಿಂದ ಬರಬೇಕಾಗಬಹುದು. ಇದರಲ್ಲಿ ತಪ್ಪೇನಿಲ್ಲ. ಕೆಲವು ಕ್ಷಣ ಕಾಯೋಣ.

ಆದರೆ ಹತ್ತಿರ ಏನಿಡಬೇಕು ಎಂಬುದು ಒಂದು ಪ್ರಶ್ನೆ, ಏನನ್ನು ಉಳಿಸಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಜನಪ್ರಿಯತೆ ಉತ್ತರ ಕೊಡಲಿ, ಎರಡನೆಯದಕ್ಕೆ ಕೊಡಬಾರದು. ಅಮೆಜಾನ್ ವೆಬ್ ಸರ್ವೀಸಸ್ 2022ರ ನವೆಂಬರ್‌ನಲ್ಲಿ ನಮ್ಮ ಹೈದರಾಬಾದಿನಲ್ಲಿ ತೆರೆದ ವ್ಯವಸ್ಥೆಯಲ್ಲಿ ಮೂರು ಪ್ರತ್ಯೇಕ ವಲಯಗಳಿವೆ. ಒಂದು ಕಡೆ ಅನಾಹುತವಾದರೂ ಇನ್ನೊಂದು ಕಡೆ ಪ್ರತಿ ಉಳಿಯಲೆಂದು. ಅಂಥ ಮೂಲಪ್ರತಿಯ ಭಾಗ್ಯ ಹತ್ತು ಜನ ನೋಡುವ ಚಿತ್ರಕ್ಕೂ ಸಿಗಬೇಕು.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಕಂಡದ್ದು 1934ರಲ್ಲಿ. ಇಂದು ಅದರ ಪ್ರತಿ ಲಭ್ಯವಿಲ್ಲ. ಎಷ್ಟೇ ಚುರುಕಾದ ಸರ್ವರ್ ಕಟ್ಟಿದರೂ ಅದನ್ನು ನಿಮ್ಮ ಪರದೆಗೆ ತರಲಾರದು. ನಿಮ್ಮ ಮನೆಯ ಮದುವೆಯ ಕ್ಯಾಸೆಟ್ಟು, ಅಜ್ಜಿಯ ದನಿಯಿರುವ ವಿಡಿಯೋ ಒಂದೇ ಡಿಸ್ಕಿನಲ್ಲಿದ್ದರೆ, ಈ ವಾರವೇ ಇನ್ನೊಂದು ಪ್ರತಿ ಮಾಡಿ ಬೇರೆ ಊರಿನ ಬಂಧುಗಳ ಮನೆಯಲ್ಲಿಡಿ.