ಅಟಲ್ ಪಿಂಚಣಿ: ಬದಲಾದ ನಿಯಮ ತಿಳಿದಿರಲಿ

ಬಿತ್ತನೆ, ಗೊಬ್ಬರದ ಮಾತು ಇವತ್ತು ಬೇಡ. ರಟ್ಟೆಯ ಬಲ ಇಳಿದ ಮೇಲೆ ಕೈಹಿಡಿಯುವ ಅಟಲ್ ಪಿಂಚಣಿ ಯೋಜನೆಯ ವಿಚಾರವಾಗಿ ನಾಲ್ಕು ಮಾತು ಹೇಳುತ್ತೇನೆ. ಈ ಯೋಜನೆ 2015ರಲ್ಲಿ ಬಂತು. 18ರಿಂದ 40 ವಯಸ್ಸಿನೊಳಗೆ ಬ್ಯಾಂಕು ಅಥವಾ ಅಂಚೆ ಕಚೇರಿಯ ಉಳಿತಾಯ ಖಾತೆಯ ಮೂಲಕ ಸೇರಿ ಕಂತು ಕಟ್ಟುತ್ತಾ ಹೋದರೆ, 60 ತುಂಬಿದ ಮೇಲೆ ತಿಂಗಳಿಗೆ 1,000ದಿಂದ 5,000 ರೂಪಾಯಿ ತನಕ ಪಿಂಚಣಿ. ಇಷ್ಟು ಬಹಳ ಜನಕ್ಕೆ ಗೊತ್ತು. ಆಮೇಲೆ ನಿಯಮಗಳಲ್ಲಿ ಆದ ಸಣ್ಣಪುಟ್ಟ ತಿದ್ದುಪಡಿಗಳು ಮಾತ್ರ ಎಷ್ಟೋ ಜನರ ಕಿವಿಗೆ ಬಿದ್ದಿಲ್ಲ.

ಮುಖ್ಯವಾದದ್ದನ್ನು ಮೊದಲು ಹೇಳುತ್ತೇನೆ. 30ನೇ ವಯಸ್ಸಿಗೆ ಸೇರಿದ ಒಬ್ಬ ರೈತ 5,000 ರೂಪಾಯಿ ಪಿಂಚಣಿಗಾಗಿ ತಿಂಗಳಿಗೆ 577 ರೂಪಾಯಿ ಕಟ್ಟುತ್ತಾ ಬಂದು, 45ಕ್ಕೇ ತೀರಿಕೊಂಡ ಎಂದಿಟ್ಟುಕೊಳ್ಳಿ. ಮೊದಲಿನ ನಿಯಮದಂತೆ ಕೂಡಿದ್ದ ಹಣವನ್ನು ಹೆಂಡತಿಯ ಕೈಗೆ ಕೊಟ್ಟು ಖಾತೆ ಮುಚ್ಚುತ್ತಿದ್ದರು. ತಿಥಿ, ಸಾಲ ಅಂತ ಆ ಹಣ ಕರಗುವುದಕ್ಕೆ ಎಷ್ಟು ಹೊತ್ತು? 2016ರ ತಿದ್ದುಪಡಿಯ ಪ್ರಕಾರ ಆಕೆ ಬೇಕೆಂದರೆ ಉಳಿದ 15 ವರ್ಷದ ಕಂತನ್ನು ತಾನೇ ಕಟ್ಟಬಹುದು. ಗಂಡನಿಗೆ 60 ತುಂಬಬೇಕಿದ್ದ ಕಾಲ ಬಂದಾಗ, ಅದೇ ಪಿಂಚಣಿ ಆಕೆಗೆ ಬದುಕಿರುವ ತನಕ ಬರುತ್ತೆ. ಹೆಂಡತಿಯ ಖಾತೆಯ ಮೇಲೆ ಗಂಡನಿಗೂ ಇದೇ ಹಕ್ಕು ಉಂಟು. ಆದರೆ ನೋಡಿ, ಕೇಳಿದವರಿಗೆ ಮಾತ್ರ ಇದು ಸಿಗುವುದು. ಖಾತೆ ಮುಚ್ಚುವ ಅರ್ಜಿಗೆ ಹೆಬ್ಬೆಟ್ಟು ಒತ್ತುವ ಮೊದಲೇ, "ನಾನು ಮುಂದುವರಿಸುತ್ತೇನೆ" ಎಂದು ಹೇಳಬೇಕು.

ಎರಡನೆಯದು, ಕಂತಿನ ವಿಚಾರ. ಮೊದಲು ತಿಂಗಳು ತಿಂಗಳು ಕಟ್ಟಬೇಕಿತ್ತು. ಈಗ ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆಯೂ ಕಟ್ಟಬಹುದು. ಸುಗ್ಗಿಯಲ್ಲಿ ಮಾತ್ರ ದುಡ್ಡು ಕಾಣುವ ನಮಗೆ ಇದು ಅನುಕೂಲ.

ಮೂರನೆಯದು, ಪಿಂಚಣಿಯ ಮೊತ್ತ ಹೆಚ್ಚುಕಡಿಮೆ ಮಾಡಿಸಲು ಏಪ್ರಿಲ್ ತಿಂಗಳಿಗೇ ಕಾಯಬೇಕಿತ್ತು. 2020ರ ಜುಲೈಯಿಂದ ವರ್ಷಕ್ಕೊಮ್ಮೆ, ಯಾವ ತಿಂಗಳಲ್ಲಾದರೂ ಮಾಡಿಸಬಹುದು. ಮಳೆ ಕೈಕೊಟ್ಟ ವರ್ಷ ಖಾತೆ ಬಿಟ್ಟುಬಿಡುವ ಬದಲು ಮೊತ್ತ ಇಳಿಸಿಕೊಳ್ಳಿ.

ನಾಲ್ಕನೆಯದು, 2022ರ ಅಕ್ಟೋಬರ್ 1ರಿಂದ ಆದಾಯ ತೆರಿಗೆ ಕಟ್ಟುವವರು ಹೊಸದಾಗಿ ಸೇರುವಂತಿಲ್ಲ. ಅದಕ್ಕೆ ಮೊದಲೇ ಸೇರಿದವರಿಗೆ ಬಾಧಕವಿಲ್ಲ. ಬೇಸಾಯದ ವರಮಾನಕ್ಕೆ ಆ ತೆರಿಗೆ ಇಲ್ಲವಾದ್ದರಿಂದ, ಬರಿಯ ಬೇಸಾಯ ನಂಬಿದವರು ಹೆದರಬೇಕಾಗಿಲ್ಲ.

ಕೊನೆಗೆ ಒಂದು ಮಾತು. ಮದುವೆಗೆ ಮುಂಚೆ ಸೇರಿದವರು ಮದುವೆಯಾದ ಮೇಲೆ ಹೆಂಡತಿ ಅಥವಾ ಗಂಡನ ಹೆಸರು ಬರೆಸಲೇಬೇಕು. ಖಾತೆಯ ಕಾಗದ ಎಲ್ಲಿದೆ ಅನ್ನುವುದು ಮನೆಯವರಿಗೂ ತಿಳಿದಿರಲಿ. ಈ ವಾರದ ಸಂತೆಗೆ ಹೋದಾಗ ಬ್ಯಾಂಕಿನ ಮೆಟ್ಟಿಲನ್ನೂ ಒಮ್ಮೆ ಹತ್ತಿ ಬನ್ನಿ.