ಸುರಂಗಕ್ಕೊಂದು ಅರಗಿನ ಮುದ್ರೆ



2020ರ ಆಗಸ್ಟ್ 10ರಂದು ಉದ್ಘಾಟನೆಗೊಂಡ ಕಡಲಡಿಯ ಕೇಬಲ್ ನಾವಿರುವ ಈ ಚೆನ್ನೈಯನ್ನು ಅಂಡಮಾನಿಗೆ ಬೆಸೆದಿದೆ. ಇಂತಹ ದಾರಿಗಳ ಮೇಲೆ ಎರಡು ಕಚೇರಿಗಳ ರೂಟರುಗಳ ನಡುವೆ ಟನೆಲ್, ಎಂದರೆ ಸುರಂಗ, ಹೂಡುವುದುಂಟು. 1994ರಲ್ಲಿ ಪ್ರಕಟವಾದ ಜಿ.ಆರ್.ಇ. ವಿಧಾನವು ಪತ್ರವನ್ನು ಇನ್ನೊಂದು ಲಕೋಟೆಯೊಳಗಿಟ್ಟು ಕಳುಹಿಸುತ್ತದೆ. ಆ ಲಕೋಟೆಗೇ 24 ಬೈಟು ಬೇಕಾದುದರಿಂದ 1500ರ ಮಿತಿಯನ್ನು ಸುರಂಗದಲ್ಲಿ 1476ಕ್ಕೆ ಇಳಿಸಬೇಕು. ಇಲ್ಲವಾದರೆ ಸಣ್ಣ ಸಂದೇಶ ದಾಟಿ, ದೊಡ್ಡ ಕಡತ ನಡುದಾರಿಯಲ್ಲೇ ಕಾಣೆಯಾಗಬಹುದು.

ಆದರೆ ಈ ಲಕೋಟೆಗೆ ಅಂಟಿಲ್ಲ. ಗೂಢಲಿಪಿಯ ಬೀಗವನ್ನು ಐಪಿಸೆಕ್ ಮೂಲಕ ನಾವೇ ಹಾಕಬೇಕು. ಅದಕ್ಕೂ ಸ್ಥಳ ಬೇಕು, ಮಿತಿ ಇನ್ನಷ್ಟು ಇಳಿಯುತ್ತದೆ. ಆ ಕಡತದಲ್ಲಿರುವುದು ಯಾರೋ ಪಿಂಚಣಿದಾರರ ಬದುಕು. ಅಂಚೆಯ ಕಾಲದಲ್ಲಿ ಅರಗಿನ ಮುದ್ರೆ ಒತ್ತುವುದು ಕಚೇರಿಯ ಕರ್ತವ್ಯವಾಗಿತ್ತು. ಆ ಕರ್ತವ್ಯ ಇಂದಿಗೂ ತೀರಿಲ್ಲ.